ಕಾಸರಗೋಡಿನಿಂದ ಹೊರಟು ಎಸ್‌ಎಂವಿಟಿಯಲ್ಲಿ ಹೌರಾ ಗಾಡಿ ಹಿಡಿಯುವುದು ಹೇಗೆ? ಬೆಂಗಳೂರಿನ ಹೊಸ ಟರ್ಮಿನಲ್ ಗೊತ್ತಿದ್ದವರು ತಿಳಿಸಿ

ಕುಂಬಳೆ ಕಡಲು:

ಇಬ್ಬರು ಹಿರಿಯರು ಹೌರಾಕ್ಕೆ ಹೋಗುವುದುಂಟು. ಒಬ್ಬರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ. ಲಗೇಜು ನಾಲ್ಕು. ಹೌರಾ ಗಾಡಿ ಹೊರಡುವುದು ಎಸ್‌ಎಂವಿಟಿ ಬೆಂಗಳೂರಿನಿಂದ ಎಂದು ತೋರಿಸುತ್ತದೆ. ನಮ್ಮ ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ (16512) ಹೋಗಿ ನಿಲ್ಲುವುದು ಮೆಜೆಸ್ಟಿಕ್ ಎದುರಿನ ಕೆಎಸ್‌ಆರ್ ನಿಲ್ದಾಣದಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕು? ಮೆಟ್ರೊದಲ್ಲಿ ಲಗೇಜು ಬಿಡುತ್ತಾರಾ? ಕೆಎಸ್‌ಆರ್‌ಗೆ ಹೋಗದೆ ನೇರ ಎಸ್‌ಎಂವಿಟಿಗೆ ಮುಟ್ಟುವ ದಾರಿ ಏನಾದರೂ ಉಂಟಾ?

ಇನ್ನೊಂದು ಸಂಶಯ. ಟಿಕೆಟ್ ಆ್ಯಪಿನಲ್ಲಿ ಬೈಯಪ್ಪನಹಳ್ಳಿ ಅಂತ ಬೇರೆ ನಿಲ್ದಾಣ, ಎಸ್‌ಎಂವಿಟಿ ಅಂತ ಬೇರೆ ನಿಲ್ದಾಣ ತೋರಿಸುತ್ತದೆ. ಎರಡೂ ಒಂದೆಯಾ?

ಪಡೀಲ್ ಕ್ಯಾಬಿನ್:

ಮಾರಾಯ್ರೆ, ಮೊದಲು ನಿಮ್ಮ ಮೂರನೆಯ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಅದು ಸರಿಯಾದರೆ ಉಳಿದ ತಲೆನೋವು ಅರ್ಧ ಕಡಿಮೆ. ಮುಂದಿನ ಗಾಡಿ ಎಸ್‌ಎಂವಿಟಿಯಿಂದ ಹೊರಡುವುದಾದರೆ ಎಸ್‌ಎಂವಿಟಿಗೇ ಹೋಗಿ ಮುಟ್ಟುವ ಗಾಡಿ ಹಿಡಿಯಬೇಕು. ಊರೊಳಗೆ ಹತ್ತು ಕಿಲೋಮೀಟರ್ ಲಗೇಜು ಎಳೆದುಕೊಂಡು ಹೋಗುವ ಕೆಲಸವನ್ನು ಹಳಿಗೇ ಬಿಟ್ಟುಬಿಡಿ.

ಅಂಥ ಗಾಡಿ ನಮ್ಮ ಕಡೆಗೆ ಒಂದುಂಟು. ಮುರ್ಡೇಶ್ವರ–ಎಸ್‌ಎಂವಿಟಿ ಬೆಂಗಳೂರು ಎಕ್ಸ್‌ಪ್ರೆಸ್, ನಂಬರ್ 16586. ಮೊದಲು ಇದು ಮಂಗಳೂರು ಸೆಂಟ್ರಲ್‌ನಿಂದ ಹೊರಡುತ್ತಿತ್ತು, 2023ರಲ್ಲಿ ಮುರ್ಡೇಶ್ವರದವರೆಗೆ ಎಳೆದರು. ಈಗಲೂ ಸೆಂಟ್ರಲ್‌ಗೆ ಬಂದೇ ಹೋಗುತ್ತದೆ. ಆಮೇಲೆ ಬಂಟ್ವಾಳ, ಸುಬ್ರಹ್ಮಣ್ಯ ರೋಡ್, ಸಕಲೇಶಪುರ, ಹಾಸನ, ಮೈಸೂರು ಮೇಲಿಂದ ಬೆಂಗಳೂರು. ಕೆಎಸ್‌ಆರ್ ದಾಟಿ ಎಸ್‌ಎಂವಿಟಿಯಲ್ಲಿ ಕೊನೆ. ಮೈಸೂರು ಸುತ್ತಿ ಹೋಗುವುದರಿಂದ ದಾರಿ ಉದ್ದ, ಆದರೆ ಇಬ್ಬರು ಹಿರಿಯರಿಗೆ ಮಲಗಿದಲ್ಲಿಂದ ಎದ್ದು ಇಳಿದರೆ ಅಲ್ಲೇ ಹೌರಾ ಗಾಡಿ. ನಿಮ್ಮ ದಿನಕ್ಕೆ ಅದು ಓಡುತ್ತದಾ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್‌ಗೆ ಸುಮಾರು 46 ಕಿಲೋಮೀಟರ್. ಇಲ್ಲಿ ಒಂದು ತಪ್ಪು ಆಗಲಿಕ್ಕುಂಟು. ಮಂಗಳೂರು ಸೆಂಟ್ರಲ್‌ನಲ್ಲಿ ಕೊನೆಗೊಳ್ಳುವ ಗಾಡಿಯನ್ನೇ ಹತ್ತಬೇಕು. ನೇತ್ರಾವತಿ, ಮಂಗಳಾ ಲಕ್ಷದ್ವೀಪ ಇವೆಲ್ಲ ಮಂಗಳೂರು ಜಂಕ್ಷನ್ ಮೇಲಿಂದ ಕೊಂಕಣ ಹಳಿಗೆ ಹೋಗುವವು. ಅವನ್ನು ಹತ್ತಿದರೆ ಆ ಜಂಕ್ಷನ್‌ನಲ್ಲಿ, ಅಂದರೆ ಹಳೆ ಕಂಕನಾಡಿ ಸ್ಟೇಷನ್‌ನಲ್ಲಿ, ಇಳಿದು ರಿಕ್ಷಾ ಹಿಡಿದು ಸೆಂಟ್ರಲ್‌ಗೆ ಬರಬೇಕು. ಕಾಸರಗೋಡಿನವರಿಗೆ ಸೆಂಟ್ರಲ್ ಯಾವುದು, ಜಂಕ್ಷನ್ ಯಾವುದು ಎಂದು ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಕೆಎಸ್‌ಆರ್ ಮತ್ತು ಎಸ್‌ಎಂವಿಟಿ ನಡುವಿನ ವ್ಯತ್ಯಾಸವೂ ಅಂಥದ್ದೇ ಎಂದು ತಿಳಿದುಕೊಳ್ಳಿ, ದೂರ ಮಾತ್ರ ಹೆಚ್ಚು.

ಎರಡನೆಯ ದಾರಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಕಣ್ಣೂರು–ಯಶವಂತಪುರ ಎಕ್ಸ್‌ಪ್ರೆಸ್, 16528. ಇದು ಕೋಯಿಕ್ಕೋಡ್, ಪಾಲಕ್ಕಾಡ್, ಸೇಲಂ, ಧರ್ಮಪುರಿ, ಹೊಸೂರು ಮೇಲಿಂದ ಬಂದು ಬಾಣಸವಾಡಿಯಲ್ಲಿ ನಿಲ್ಲುತ್ತದೆ. ಬಾಣಸವಾಡಿಯಿಂದ ಎಸ್‌ಎಂವಿಟಿ ಎರಡು–ಮೂರು ಕಿಲೋಮೀಟರ್, ಒಂದು ಆಟೊ ಸಾಕು. ಕಾಸರಗೋಡಿನಿಂದ ಮೊದಲು ಕಣ್ಣೂರಿಗೆ ಇಳಿಯಬೇಕು ಎಂಬುದು ಒಂದು ಕಷ್ಟ. ನೀಲೇಶ್ವರ, ಚೆರುವತ್ತೂರು ಕಡೆಯವರಿಗೆ ಇದೇ ಒಳ್ಳೆಯದು. ಕುಂಬಳೆ, ಮಂಜೇಶ್ವರದವರಿಗೆ ಬೇಡ. ಆದರೆ ಮಳೆಗಾಲದಲ್ಲಿ ಘಾಟಿ ಮುಚ್ಚಿದರೆ ಇದೊಂದೇ ನಂಬಿಕೆ.

ಘಾಟಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರ್, 50 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ಏರು. ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಕಟ್ಟುತ್ತಾರೆ, ಆಮೇಲೆ ಬಿಚ್ಚುತ್ತಾರೆ. ಗಾಡಿ ನಿಧಾನವಾಗಿಯೇ ಹತ್ತಬೇಕು, ತಡವಾದದ್ದನ್ನು ಅಲ್ಲಿ ಓಡಿಸಿ ಸರಿಮಾಡಲು ಬರುವುದಿಲ್ಲ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣೇ ಜಾರಿ ಹೋಗಿ ವಾರಗಟ್ಟಲೆ ಸಂಚಾರ ನಿಂತಿತ್ತು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗುವುದಾದರೆ ಅದೇ ದಿನ ಬೆಳಿಗ್ಗೆ ಮುಟ್ಟಿ ಅದೇ ಬೆಳಿಗ್ಗೆ ಹೌರಾ ಗಾಡಿ ಹಿಡಿಯುವ ಯೋಜನೆ ಹಾಕಬೇಡಿ. ಒಂದು ರಾತ್ರಿ ಬೆಂಗಳೂರಿನಲ್ಲಿ ಉಳಿಯುವ ಹಾಗೆ ಮಾಡಿ.

ಹೊಸೂರು ಲೈನ್:

ಹೆಸರಿನ ಗೊಂದಲ ನಾನು ಬಿಡಿಸ್ತೀನಿ, ಜನ ಎಡವೋದು ಅಲ್ಲೇ.

ಎಸ್‌ಎಂವಿಟಿ ಅಂದ್ರೆ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, ಕೋಡ್ ಎಸ್‌ಎಂವಿಬಿ. ಬಾಣಸವಾಡಿ ಕಡೆ ಹೋಗುವ ಹಳಿ ಪಕ್ಕದಲ್ಲಿದೆ. ಬೈಯಪ್ಪನಹಳ್ಳಿ ಅಂತ ತೋರಿಸುವುದು ಹಳೆಯ ಸಣ್ಣ ನಿಲ್ದಾಣ, ಕೋಡ್ ಬಿವೈಪಿಎಲ್. ಅದು ಚೆನ್ನೈ ಹಳಿಯ ಮೇಲೆ, ಮೆಟ್ರೊ ನಿಲ್ದಾಣದ ಪಕ್ಕ. ಎರಡೂ ಬೇರೆ ಬೇರೆ. ಬೈಯಪ್ಪನಹಳ್ಳಿ ಮೆಟ್ರೊದಲ್ಲಿ ಇಳಿದು ಎದುರಿಗೆ ಕಾಣುವ ಪ್ಲಾಟ್‌ಫಾರ್ಮೇ ಟರ್ಮಿನಲ್ ಅಂದುಕೊಂಡು ಕಾಯುತ್ತ ಕೂತರೆ ಗಾಡಿ ತಪ್ಪಿತು ಅಂತಲೇ ಲೆಕ್ಕ.

ಮೂರನೆಯ ಬಲೆ ಇದಕ್ಕಿಂತ ಕೆಟ್ಟದ್ದು. ನೇರಳೆ ಮೆಟ್ರೊ ಮಾರ್ಗದಲ್ಲಿ ಮೆಜೆಸ್ಟಿಕ್ ಆದ ತಕ್ಷಣ ಬರುವ ನಿಲ್ದಾಣದ ಹೆಸರು ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜ್. ಹೆಸರು ಕೇಳಿ ಅಲ್ಲಿ ಇಳಿಯಬೇಡಿ. ರೈಲ್ವೆ ಟರ್ಮಿನಲ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಅದು ಊರ ನಡುವೆ ಇದೆ. ಆಟೊದವರಿಗೂ ಬರೀ ವಿಶ್ವೇಶ್ವರಯ್ಯ ಅನ್ನಬೇಡಿ, ಬರೀ ಬೈಯಪ್ಪನಹಳ್ಳಿ ಅನ್ನಬೇಡಿ. 'ಬಾಣಸವಾಡಿ ಹತ್ತಿರದ ಹೊಸ ರೈಲ್ವೆ ಟರ್ಮಿನಲ್, ಎಸ್‌ಎಂವಿಟಿ' ಅಂತ ಪೂರ್ತಿ ಹೇಳಿ.

ಈಗ ನೀವು 16512ರಲ್ಲೇ ಬರ್ತೀರಿ ಅಂತ ಇಟ್ಟುಕೊಳ್ಳೋಣ. ಅದು ಹಾಸನ, ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬಂದು ಯಶವಂತಪುರ ದಾಟಿ ಬೆಳಿಗ್ಗೆ ಕೆಎಸ್‌ಆರ್ ಸೇರುತ್ತೆ. ಅಲ್ಲಿಂದ ಎಸ್‌ಎಂವಿಟಿಗೆ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್. ಬೆಳಿಗ್ಗೆ ಏಳರ ಒಳಗಾದರೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ, ಎಂಟೂವರೆ ಮೇಲೆ ಒಂದು ಗಂಟೆ ಕೈಯಲ್ಲಿರಲಿ. ನಾಲ್ಕು ಲಗೇಜು, ಇಬ್ಬರು ಹಿರಿಯರು ಅಂದ ಮೇಲೆ ನನ್ನ ಸಲಹೆ ಟ್ಯಾಕ್ಸಿಯೇ. ಆಟೊದಲ್ಲಿ ನಾಲ್ಕು ಪೆಟ್ಟಿಗೆ ಇಟ್ಟರೆ ಕಾಲು ಮಡಚೋಕೆ ಜಾಗ ಇರಲ್ಲ, ಮೊಣಕಾಲು ನೋವಿನವರಿಗೆ ಅದು ಶಿಕ್ಷೆ.

ಮೆಟ್ರೊದಲ್ಲಿ ಲಗೇಜಿಗೆ ಅಳತೆ ಇದೆ. 60 ಸೆಂಟಿಮೀಟರ್ ಉದ್ದ, 45 ಅಗಲ, 25 ದಪ್ಪ, ತೂಕ 15 ಕಿಲೋ ಒಳಗಿನ ಒಂದು ಚೀಲ ಒಬ್ಬರಿಗೆ. ಅದಕ್ಕೆ ಮೀರಿದರೆ ಪ್ರತ್ಯೇಕ ಹಣ ಕೊಡಬೇಕು. ರೈಲಿಗೆ ಒಯ್ಯುವ ದೊಡ್ಡ ಟ್ರಾಲಿ ಸೂಟ್‌ಕೇಸ್ ಇದಕ್ಕೆ ಹೊಂದಲ್ಲ. ಸ್ಕ್ಯಾನರ್ ಮೇಲೆ ಎತ್ತಿಡೋದು, ಇಳಿಸೋದು ಬೇರೆ. ಭಾನುವಾರ ಮೆಟ್ರೊ ಶುರುವಾಗೋದೇ 7 ಗಂಟೆಗೆ, ಇದು ಹೊರ ಊರಿನವರಿಗೆ ಗೊತ್ತಿರಲ್ಲ.

ಲಗೇಜು ಕಡಿಮೆ ಇದ್ದವರಿಗೆ ಮಾತ್ರ ಇನ್ನೊಂದು ಉಪಾಯ. ಎಸ್‌ಎಂವಿಟಿಗೆ ಹೋಗಲೇಬೇಡಿ, ಕೆ.ಆರ್. ಪುರದಲ್ಲಿ ಹತ್ತಿ. ಜೋಲಾರ್‌ಪೇಟೆ ಕಡೆ ಹೋಗುವ ಬಹಳಷ್ಟು ಗಾಡಿ ಕೃಷ್ಣರಾಜಪುರದಲ್ಲಿ, ಕೋಡ್ ಕೆಜೆಎಂ, ನಿಲ್ಲುತ್ತವೆ. ದುರಂತೊದಂಥವಕ್ಕೆ ನಿಲುಗಡೆ ಕಡಿಮೆ, ನಿಮ್ಮ ಗಾಡಿ ನಿಲ್ಲುತ್ತಾ ನೋಡಿಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ಮೆಟ್ರೊ ತುಂಡು ತೆರೆದ ಮೇಲೆ ಮೆಜೆಸ್ಟಿಕ್‌ನಿಂದ ಒಂದೇ ಗಾಡಿಯಲ್ಲಿ ಹೋಗಬಹುದು, ಮೆಜೆಸ್ಟಿಕ್ ಬಿಟ್ಟು ಎಣಿಸಿದರೆ ಹನ್ನೊಂದನೆಯ ನಿಲ್ದಾಣ. ಅಲ್ಲಿಂದ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದು. ಆದರೆ ಗಾಡಿ ಅಲ್ಲಿ ಒಂದೆರಡು ನಿಮಿಷ ಮಾತ್ರ ನಿಲ್ಲೋದು. ನಿಮ್ಮ ಮನೆಯ ಹಿರಿಯರಿಗೆ ಇದು ಬೇಡ, ಬೇರೆ ಓದುಗರಿಗೆ ಇರಲಿ ಅಂತ ಬರೆದೆ. ಹಾಗೆ ಹತ್ತುವವರು ಟಿಕೆಟ್‌ನಲ್ಲಿ ಹತ್ತುವ ನಿಲ್ದಾಣವನ್ನು ಕೆಜೆಎಂ ಅಂತ ಮೊದಲೇ ಬದಲಾಯಿಸಬೇಕು. ಬದಲಾಯಿಸದಿದ್ದರೆ ಎಸ್‌ಎಂವಿಟಿಯಲ್ಲಿ ಸೀಟು ಖಾಲಿ ಕಂಡು ಟಿಕೆಟ್ ನೋಡುವ ಟಿಟಿಇ ಅದನ್ನು ಆರ್‌ಎಸಿಯವರಿಗೆ, ಅಂದ್ರೆ ಪೂರ್ತಿ ಬರ್ತ್ ಸಿಗದೆ ಕಾಯ್ತಿರೋರಿಗೆ, ಕೊಟ್ಟರೆ ಕೇಳೋಕೆ ಬರಲ್ಲ.

ಕೆಎಸ್‌ಆರ್‌ನಿಂದ ಹೊರಗೆ ಬರುವಾಗ ಒಂದು ಮಾತು. ಮುಂಬದಿ, ಒಂದನೇ ಪ್ಲಾಟ್‌ಫಾರ್ಮ್ ಕಡೆ ಬಂದರೆ ಮೆಜೆಸ್ಟಿಕ್ ಮೆಟ್ರೊ, ಬಿಎಂಟಿಸಿ. ಹಿಂಬದಿ, ಹತ್ತನೇ ಪ್ಲಾಟ್‌ಫಾರ್ಮ್ ಕಡೆ ಸಂಗೊಳ್ಳಿ ರಾಯಣ್ಣ ಮೆಟ್ರೊ ನಿಲ್ದಾಣಕ್ಕೆ ಮೇಲ್ಸೇತುವೆ ಇದೆ. ಎರಡೂ ಅದೇ ನೇರಳೆ ಮಾರ್ಗ. ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬಂತೋ ಅದಕ್ಕೆ ಹತ್ತಿರದ ಕಡೆ ಹೋಗಿ, ಸುಮ್ಮನೆ ಪೂರ್ತಿ ನಿಲ್ದಾಣ ದಾಟಬೇಡಿ.

ಕುಂಬಳೆ ಕಡಲು:

ಇಬ್ಬರಿಗೂ ಉಪಕಾರ. ಹೆಸರಿನ ವಿಷಯ ಗೊತ್ತೇ ಇರಲಿಲ್ಲ. 16586 ಹಿಡಿಯುವುದೇ ಒಳ್ಳೆಯದು ಎಂದು ಕಾಣುತ್ತದೆ. ಎಸ್‌ಎಂವಿಟಿ ಒಳಗೆ ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಮೆಟ್ಟಿಲಿಲ್ಲದೆ ಹೋಗಬಹುದಾ?

ಮತ್ತೊಂದು ಕೇಳಬೇಕೆಂದಿದ್ದೆ. ಹೌರಾ ಗಾಡಿ ಮೊದಲು ಯಶವಂತಪುರದಿಂದ ಹೊರಡುತ್ತಿತ್ತಲ್ಲ. ಅದನ್ನು ಊರ ಹೊರಗೆ ಒಯ್ದು ಹಾಕುವ ಬದಲು ಇದ್ದ ಎರಡು ನಿಲ್ದಾಣಕ್ಕೇ ನಾಲ್ಕು ಪ್ಲಾಟ್‌ಫಾರ್ಮ್ ಸೇರಿಸಿದ್ದರೆ ಆಗುತ್ತಿರಲಿಲ್ಲವಾ?

ಪಿಟ್‌ಲೈನ್:

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುವೆ. ನಿಲ್ದಾಣದಲ್ಲಿ ದಟ್ಟಣೆ ಎಂದರೆ ಪ್ಲಾಟ್‌ಫಾರ್ಮಿನಲ್ಲಿ ಜನ ತುಂಬುವುದು ಎಂದು ನಾವು ತಿಳಿಯುತ್ತೇವೆ. ರೈಲ್ವೆಯ ಕಣ್ಣಿಗೆ ದಟ್ಟಣೆ ಎಂದರೆ ಹಳಿ ಖಾಲಿ ಸಿಗದಿರುವುದು.

ದಾಟಿ ಹೋಗುವ ಗಾಡಿ ಒಂದು ಪ್ಲಾಟ್‌ಫಾರ್ಮನ್ನು ಐದು–ಹತ್ತು ನಿಮಿಷ ಹಿಡಿಯುತ್ತದೆ. ಅಲ್ಲೇ ಕೊನೆಗೊಳ್ಳುವ ಗಾಡಿಯ ಲೆಕ್ಕ ಬೇರೆ. ಜನ ಇಳಿಯಬೇಕು, ಪಾರ್ಸೆಲ್ ಇಳಿಯಬೇಕು, ಎಂಜಿನ್ ಬಿಚ್ಚಬೇಕು, ಬೇರೆ ಎಂಜಿನ್ ಬಂದು ಖಾಲಿ ರೇಕನ್ನು, ಅಂದರೆ ಬೋಗಿಗಳ ಸಾಲನ್ನು, ಎಳೆದುಕೊಂಡು ಹೋಗಬೇಕು. ಹೊರಡುವ ಗಾಡಿಯಾದರೆ ರೇಕನ್ನು ತಂದು ಇಟ್ಟು, ಎಂಜಿನ್ ಕಟ್ಟಿ, ಬ್ರೇಕ್ ಒತ್ತಡ ಪರೀಕ್ಷಿಸಿ ಬಿಡಬೇಕು. ಎರಡು ಸೇರಿ ಒಂದು ಗಂಟೆ ಸುಲಭವಾಗಿ ಹೋಗುತ್ತದೆ. ಅಂದರೆ ಒಂದು ಟರ್ಮಿನೇಟಿಂಗ್ ಗಾಡಿ ತಿನ್ನುವ ಹೊತ್ತಿನಲ್ಲಿ ಐದಾರು ದಾಟುವ ಗಾಡಿ ಬಿಡಬಹುದು. ಕೆಎಸ್‌ಆರ್‌ನಲ್ಲಿ 10 ಪ್ಲಾಟ್‌ಫಾರ್ಮ್ ಇದ್ದರೂ ಹೊರಗೆ ಕಂಟೋನ್ಮೆಂಟ್ ಕಡೆ, ಮೈಸೂರು ಕಡೆ, ಯಶವಂತಪುರ ಕಡೆ ಹೋಗುವ ಹಳಿಗಳು ಕೆಲವೇ. ಖಾಲಿ ರೇಕು ಯಾರ್ಡಿಗೆ ಹೋಗುವಾಗಲೂ ಅದೇ ಮೂತಿಯನ್ನು ದಾಟಬೇಕು. ಪ್ಲಾಟ್‌ಫಾರ್ಮ್ ಹೆಚ್ಚಿಸಿದರೆ ಹೊಟ್ಟೆ ದೊಡ್ಡದಾಗುತ್ತದೆ, ಗಂಟಲು ಹಾಗೆಯೇ ಇರುತ್ತದೆ. ಸುತ್ತ ಮೆಜೆಸ್ಟಿಕ್, ಓಕಳಿಪುರ, ಮಾಗಡಿ ರಸ್ತೆ. ಹಳಿ ಹಾಕಲು ಜಾಗವೂ ಇಲ್ಲ.

ಇನ್ನು ಪಿಟ್‌ಲೈನ್. ಹಳಿಯ ನಡುವೆ ಆಳದ ಗುಂಡಿ ತೆಗೆದು ಕಾಂಕ್ರೀಟ್ ಮಾಡಿರುತ್ತಾರೆ. ರೇಕನ್ನು ಅದರ ಮೇಲೆ ನಿಲ್ಲಿಸಿದರೆ ಸಿಬ್ಬಂದಿ ಕೆಳಗೆ ನಿಂತು ಬೋಗಿ ಚೌಕಟ್ಟಿನ ಬಿರುಕು, ಚಕ್ರದ ಸವೆತ, ಸ್ಪ್ರಿಂಗ್, ಬ್ರೇಕ್ ಪ್ಯಾಡ್ ತಲೆಯೆತ್ತಿ ನೋಡಬಹುದು. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳಲ್ಲಿ ಡಿಸ್ಕ್ ಬ್ರೇಕ್ ಇರುವುದರಿಂದ ಪ್ಯಾಡ್ ದಪ್ಪ ಕಡಿಮೆಯಾಗಿದೆಯೇ ಎಂಬುದು ಕೆಳಗಿನಿಂದಲೇ ಸರಿಯಾಗಿ ತಿಳಿಯುವುದು. ಬಯೊ ಟಾಯ್ಲೆಟ್ ತೊಟ್ಟಿ, ನೀರು, ಬ್ಯಾಟರಿ, ಎಸಿ, ಹಾಸಿಗೆ ಬಟ್ಟೆ ಎಲ್ಲ ಆ ಹೊತ್ತಿನಲ್ಲೇ. ದೂರದ ಗಾಡಿಯ ಪೂರ್ಣ ತಪಾಸಣೆಗೆ ಸಾಮಾನ್ಯವಾಗಿ 6 ಗಂಟೆ ಹಿಡಿಯುತ್ತದೆ. ಎಸ್‌ಎಂವಿಟಿಯಲ್ಲಿ 7 ಪ್ಲಾಟ್‌ಫಾರ್ಮ್, ರೇಕು ನಿಲ್ಲಿಸಲು 8 ಸ್ಟೇಬ್ಲಿಂಗ್ ಲೈನ್, 3 ಪಿಟ್‌ಲೈನ್ ಇಟ್ಟಿದ್ದಾರೆ. ರೇಕು ತಂದು ಬಿಡುವ ಸಮಯ ಸೇರಿಸಿ ಎಣಿಸಿದರೆ ಒಂದು ಪಿಟ್‌ನಲ್ಲಿ ದಿನಕ್ಕೆ ಮೂರು ರೇಕು, ಒಟ್ಟು ಒಂಬತ್ತು. ಇದು ನನ್ನ ಕೈಲೆಕ್ಕ. ದಿನಕ್ಕೆ 50 ಗಾಡಿ ಎಂದು ನಿಲ್ದಾಣ ಕಟ್ಟುವಾಗ ಹೇಳಿದ ಸಾಮರ್ಥ್ಯ ಪ್ಲಾಟ್‌ಫಾರ್ಮಿನದು, ಪಿಟ್‌ನದಲ್ಲ. ಯಾವುದೇ ಟರ್ಮಿನಲ್‌ನಲ್ಲಿ ಮೊದಲು ಸಿಕ್ಕಿಕೊಳ್ಳುವುದು ಪಿಟ್‌ಲೈನೇ. ಒಂದು ಗಾಡಿ ನಾಲ್ಕು ಗಂಟೆ ತಡವಾಗಿ ಬಂದರೆ ಅದಕ್ಕೆ ಇಟ್ಟಿದ್ದ ಪಿಟ್ ಸಮಯ ಹೋಗಿ, ಅದರ ಹಿಂದಿನ ರೇಕೂ ತಡ, ಸಂಜೆ ಹೊರಡಬೇಕಾದ ಗಾಡಿಯೂ ತಡ. ಪೂರ್ವ ಭಾರತದಿಂದ ಎರಡು ಹಗಲು ಎರಡು ರಾತ್ರಿ ಓಡಿ ಬರುವ ಗಾಡಿಗಳಲ್ಲಿ ಇದು ಅಪರೂಪವಲ್ಲ. ನೀವು ವಾಪಸ್ ಬರುವಾಗ ಇದನ್ನು ನೆನಪಿಡಿ.

ಪಿಟ್‌ಲೈನ್ ದುರಸ್ತಿಗೆ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಆಗಸ್ಟ್ ನಂತರದ ತಿಂಗಳುಗಳನ್ನು ನೋಡಬಹುದು. ಕೆಎಸ್‌ಆರ್‌ನಲ್ಲಿ ಪಿಟ್‌ಲೈನ್ ಕೆಲಸ ಹಿಡಿದಾಗ ಎರ್ನಾಕುಲಂ ಇಂಟರ್‌ಸಿಟಿಯನ್ನು ಎಸ್‌ಎಂವಿಟಿಗೆ ಕಳಿಸಿದರು. ಈ ಟರ್ಮಿನಲ್ ಇರದಿದ್ದರೆ ಕಳಿಸಲು ಜಾಗವೇ ಇರುತ್ತಿರಲಿಲ್ಲ. 314 ಕೋಟಿ ರೂಪಾಯಿ ಹಾಕಿ ಕಟ್ಟಿದ್ದು ಸಾರ್ಥಕ ಎಂದೇ ನನ್ನ ಅಭಿಪ್ರಾಯ. ತಪ್ಪಿದ್ದು ಬೇರೆ ಕಡೆ. 2022ರ ಜೂನ್ 6ಕ್ಕೆ ಎರ್ನಾಕುಲಂ ಗಾಡಿಯಿಂದ ಕೆಲಸ ಶುರುವಾಯಿತು. ವಿಮಾನ ನಿಲ್ದಾಣದ ಮಾದರಿಯ ಚಾವಣಿ, ಇಡೀ ಕಟ್ಟಡಕ್ಕೆ ಎಸಿ, ನೀರು ಮರುಬಳಕೆ ಘಟಕ ಎಲ್ಲ ತಯಾರಿತ್ತು. ಅಗಲವಾದ ಕೂಡುರಸ್ತೆ ತಯಾರಿರಲಿಲ್ಲ, ಬಾಗಿಲಿಗೆ ಮೆಟ್ರೊ ಇರಲಿಲ್ಲ. ಗಾಡಿಯ ದಟ್ಟಣೆ ಇಳಿಸಲು ಹೋಗಿ ಆ ಭಾರವನ್ನು ಪ್ರಯಾಣಿಕನ ತಲೆಗೆ ಹೊರಿಸಿದಂತಾಯಿತು. ಬೆಂಗಳೂರಿನೊಳಗೆ ಮನೆ ಇರುವವರಿಗೆ ಅದು ಒಂದು ಕ್ಯಾಬ್ ಬಾಡಿಗೆಯ ಮಾತು. ಕಾಸರಗೋಡು, ಹೊಸೂರು, ತಾಳವಾಡಿಯಂಥ ಗಡಿಯೂರಿನಿಂದ ಬಂದು ಗಾಡಿ ಬದಲಿಸುವವರಿಗೆ ಇಡೀ ಪ್ರಯಾಣವೇ ಕೆಡುವ ಮಾತು.

ಒಳಗಿನ ಓಡಾಟ: ಎಲ್ಲ ಪ್ಲಾಟ್‌ಫಾರ್ಮುಗಳನ್ನು ಜೋಡಿಸುವ ಮೇಲ್ಸೇತುವೆ ಇದೆ, ಎರಡು ಸುರಂಗ ದಾರಿಗಳಿವೆ, ಲಿಫ್ಟ್ ಮತ್ತು ಎಸ್ಕಲೇಟರ್ ಇವೆ. ಮೆಟ್ಟಿಲಿಲ್ಲದೆ ದಾಟಬಹುದು. ಕಷ್ಟ ಇರುವುದು ನಡಿಗೆಯಲ್ಲಿ. ಎಲ್‌ಎಚ್‌ಬಿ ಬೋಗಿ ಒಂದು ಸುಮಾರು 24 ಮೀಟರ್. 22 ಬೋಗಿಗೆ 528 ಮೀಟರ್, ಎಂಜಿನ್ ಸೇರಿ 550. ಒಂದು ತುದಿಯಲ್ಲಿ ಇಳಿದು ಇನ್ನೊಂದು ಗಾಡಿಯ ಆ ತುದಿಗೆ ಹೋಗಬೇಕಾದರೆ ಅರ್ಧ ಕಿಲೋಮೀಟರ್‌ಗೂ ಹೆಚ್ಚು. ಮೊಣಕಾಲು ನೋವಿಗೆ ಮೆಟ್ಟಿಲಿಗಿಂತ ಇದೇ ಹೆಚ್ಚು ಬಾಧಕ. ಇಳಿದ ಕೂಡಲೇ ಕೂಲಿಯವರನ್ನು ಕರೆಯಿರಿ, ಗಾಲಿಕುರ್ಚಿ ಬೇಕಾದರೆ ಸ್ಟೇಷನ್ ಮಾಸ್ಟರ್ ಕಚೇರಿಯಲ್ಲಿ ಕೇಳಿ.

ಆದೋನಿ ಅಂಚು:

ಆಂಧ್ರದ ಗಡಿಯ ನಮ್ಮ ಕಡೆಯವರಿಗೆ ಹೈದರಾಬಾದಿನಲ್ಲೂ ಇದೇ ಕಥೆ ನಡೀತಿದೆ. ಸಿಕಂದರಾಬಾದ್, ನಾಂಪಲ್ಲಿ, ಕಾಚಿಗುಡ ಮೂರರ ಹೊರೆ ಇಳಿಸೋಕೆ ಚರ್ಲಪಲ್ಲಿ ಟರ್ಮಿನಲ್ ಕಟ್ಟಿದರು, 2025ರ ಜನವರಿ 6ಕ್ಕೆ ಉದ್ಘಾಟನೆ ಆಯ್ತು, 9 ಪ್ಲಾಟ್‌ಫಾರ್ಮ್. ಅಲ್ಲೂ ಕಟ್ಟಡ ಚಂದ, ಹೋಗುವ ರಸ್ತೆ ಇಕ್ಕಟ್ಟು. ಹಾಗಾಗಿ ಪಡೀಲ್ ಅವರು ಹೇಳಿದ್ದು ಎಲ್ಲ ಊರಿಗೂ ಸಲ್ಲುತ್ತೆ. ಟಿಕೆಟ್ ತೆಗೆಯುವಾಗ ಊರಿನ ಹೆಸರು ನೋಡಬೇಡಿ, ನಿಲ್ದಾಣದ ಕೋಡ್ ನೋಡಿ. ಹೈದರಾಬಾದ್ ಅಂತ ಹುಡುಕಿದರೆ ನಾಲ್ಕೈದು ನಿಲ್ದಾಣ ಒಟ್ಟಿಗೇ ಬರುತ್ತವೆ, ಬೆಂಗಳೂರು ಅಂತ ಹುಡುಕಿದರೂ ಅಷ್ಟೇ.

ಪಡೀಲ್ ಕ್ಯಾಬಿನ್:

ಟಿಕೆಟ್ ತೆಗೆಯುವ ಕ್ರಮ ಬರೆಯಲು ಬಿಟ್ಟುಹೋಯಿತು, ಅದನ್ನೂ ಸೇರಿಸುತ್ತೇನೆ.

ಮಂಗಳೂರು ಸೆಂಟ್ರಲ್–ಎಸ್‌ಎಂವಿಟಿ ಟಿಕೆಟ್ ಮೊದಲು ತೆಗೆಯಿರಿ. ಆಮೇಲೆ ಅದರ ಪಿಎನ್‌ಆರ್‌ಗೆ ಹೌರಾ ಟಿಕೆಟನ್ನು ಸಂಪರ್ಕ ಪ್ರಯಾಣವಾಗಿ ಜೋಡಿಸಿ. 2019ರ ಏಪ್ರಿಲ್‌ನಿಂದ ಈ ಸೌಲಭ್ಯ ಉಂಟು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಹೋಗದ ಭಾಗದ ಹಣ ವಾಪಸ್ ಸಿಗುತ್ತದೆ. ಎರಡೂ ಟಿಕೆಟ್‌ನಲ್ಲಿ ಹೆಸರು, ವಯಸ್ಸು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಆದರೆ ಜೋಡಣೆ ಆಗುವುದಿಲ್ಲ, ನಮ್ಮ ಕಡೆಯ ಉದ್ದ ಹೆಸರುಗಳಲ್ಲಿ ಆಗುವ ತಪ್ಪು ಇದೇ. ಮೊದಲ ಗಾಡಿ ಮುಟ್ಟುವ ನಿಲ್ದಾಣ, ಎರಡನೆಯದು ಹೊರಡುವ ನಿಲ್ದಾಣ ಒಂದೇ ಆಗಿರಬೇಕು, ಇಲ್ಲವೇ ರೈಲ್ವೆ ಒಂದೇ ಗುಂಪು ಎಂದು ಒಪ್ಪಿದ್ದಾಗಿರಬೇಕು. 16586 ಹಿಡಿದರೆ ಎರಡೂ ಕಡೆ ಎಸ್‌ಎಂವಿಟಿಯೇ ಇರುವುದರಿಂದ ಚರ್ಚೆಗೇ ಜಾಗವಿಲ್ಲ. ಗಾಡಿ ತಪ್ಪಿದರೆ ಮೊದಲ ಗಾಡಿ ನಿಜವಾಗಿ ಮುಟ್ಟಿದ ಹೊತ್ತಿನಿಂದ 3 ಗಂಟೆಯ ಒಳಗೆ ಟಿಡಿಆರ್, ಅಂದರೆ ಹಣ ವಾಪಸಿನ ಅರ್ಜಿ, ಹಾಕಬೇಕು. ಹೋಟೆಲಿಗೆ ಹೋಗಿ ವಿಶ್ರಾಂತಿ ಮಾಡಿ ಹಾಕುವಾ ಎಂದರೆ ಆ ಹೊತ್ತು ದಾಟಿರುತ್ತದೆ. ಜೋಡಿಸಲು ಆಗುವುದು ಎರಡೇ ಪಿಎನ್‌ಆರ್, ಆದ್ದರಿಂದ ಕಾಸರಗೋಡು–ಮಂಗಳೂರು ತುಂಡಿಗೆ ಸಾಮಾನ್ಯ ಟಿಕೆಟ್ ಸಾಕು. ಸೆಂಟ್ರಲ್‌ಗೆ ಒಂದೂವರೆ ಗಂಟೆಯಾದರೂ ಮೊದಲು ಮುಟ್ಟುವ ಗಾಡಿ ನೋಡಿ.

ಬೋಗಿ ಬಗ್ಗೆ ಒಂದು ಸೂಕ್ಷ್ಮ. ಸೆಂಟ್ರಲ್‌ನಲ್ಲಿ ಹಳಿ ಮುಗಿಯುತ್ತದೆ. ಒಳಗೆ ಬಂದ ಗಾಡಿ ಬಂದ ಕಡೆಗೇ ಮುಖಮಾಡಿ ಹೊರಡಬೇಕು, ಎಂಜಿನನ್ನು ಬಿಚ್ಚಿ ಇನ್ನೊಂದು ತುದಿಗೆ ಕಟ್ಟುತ್ತಾರೆ. 16586ಕ್ಕೂ ಹಾಗೆಯೇ, ಕಾಸರಗೋಡಿನಿಂದ ಬರುವ 16512ಕ್ಕೂ ಹಾಗೆಯೇ. ಕಾಸರಗೋಡಿನಲ್ಲಿ ಎಂಜಿನ್ ಪಕ್ಕ ಇದ್ದ ಬೋಗಿ ಬೆಂಗಳೂರು ಮುಟ್ಟುವಾಗ ಬಾಲದಲ್ಲಿ ಇರುತ್ತದೆ. ಕೂಲಿಯವರಿಗೆ ಅಥವಾ ಕರೆದುಕೊಂಡು ಹೋಗಲು ಬರುವ ನೆಂಟರಿಗೆ 'ಎಂಜಿನ್‌ನಿಂದ ಮೂರನೆಯದು' ಎಂದು ಹೇಳಬೇಡಿ, ಬೋಗಿಯ ನಂಬರೇ ಹೇಳಿ.

ವಾಪಸ್ ಬರುವಾಗ ಹೌರಾ ಗಾಡಿ ಎಸ್‌ಎಂವಿಟಿಗೆ ಮುಟ್ಟುವ ಹೊತ್ತಿಗೂ ನಮ್ಮ ಗಾಡಿ ಹೊರಡುವ ಹೊತ್ತಿಗೂ ಕನಿಷ್ಠ ಆರು ಗಂಟೆ ಬಿಡಿ. ಆಗ ಎಸ್‌ಎಂವಿಟಿಯಿಂದಲೇ 16585 ಹತ್ತಬಹುದು. ಅದು ತಪ್ಪಿದರೂ ರಾತ್ರಿ ಕೆಎಸ್‌ಆರ್‌ನಿಂದ 16511 ಉಂಟು, ಅದು ನೇರ ಕಾಸರಗೋಡಿಗೆ. ಸಂಜೆ ಹೊತ್ತಿಗೆ ಎಸ್‌ಎಂವಿಟಿಯಿಂದ ಕೆಎಸ್‌ಆರ್‌ಗೆ ಟ್ಯಾಕ್ಸಿಗೆ ಒಂದೂವರೆ ಗಂಟೆ ಲೆಕ್ಕ ಹಾಕಿ.

ಹೊಸೂರು ಲೈನ್:

ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮಧ್ಯದ ಆರು ಗಂಟೆ ಎಸ್‌ಎಂವಿಟಿ ಒಳಗೇ ಕಳೆಯಬಹುದು. ಕಾಯುವ ಹಾಲ್ ಎಸಿ, ತಿನ್ನೋಕೆ ಫುಡ್ ಕೋರ್ಟ್ ಇದೆ. ಲಗೇಜನ್ನು ಕ್ಲೋಕ್‌ರೂಮಿಗೆ ಕೊಡುವುದಾದರೆ ಪ್ರತಿ ಚೀಲಕ್ಕೂ ಬೀಗ ಇರಬೇಕು, ಜಿಪ್ ಮಾತ್ರ ಇದ್ದರೆ ತಗೊಳ್ಳಲ್ಲ. ನಾಲ್ಕು ಸಣ್ಣ ಬೀಗ ಊರಿಂದಲೇ ತಗೊಂಡು ಬನ್ನಿ. ಪ್ರೀಪೇಯ್ಡ್ ಆಟೊ ಬೇಕಾದರೆ ನಿಲ್ದಾಣದ ಅಂಗಳದಲ್ಲೇ ಕೌಂಟರ್ ನೋಡಿ, ಹೊರ ರಸ್ತೆಗೆ ಲಗೇಜು ಎಳೆದುಕೊಂಡು ಹೋಗಬೇಡಿ.

ಹೊರಡುವ ಹಿಂದಿನ ದಿನ ಗಾಡಿ ಎಲ್ಲಿಂದ ಹೊರಡುತ್ತೆ ಅಂತ ಮತ್ತೊಮ್ಮೆ ರೈಲ್ವೆಯ ಗಾಡಿ ಮಾಹಿತಿ ತಾಣ ಎನ್‌ಟಿಇಎಸ್‌ನಲ್ಲಿ ನೋಡಿ. ಬೆಂಗಳೂರಿನಲ್ಲಿ ಹಳಿ ಕೆಲಸ, ನಿಲ್ದಾಣದ ಕೆಲಸ ಎರಡೂ ನಡೀತಿವೆ, ಕೆಲವು ಗಾಡಿಗಳನ್ನು ತಾತ್ಕಾಲಿಕವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸ್ತಾರೆ. ಎಸ್‌ಎಂಎಸ್ ಬರೋದು ಟಿಕೆಟ್ ತೆಗೆದಾಗ ಕೊಟ್ಟ ಮೊಬೈಲಿಗೆ. ಮಕ್ಕಳ ನಂಬರ್ ಕೊಟ್ಟು ಹಿರಿಯರು ಹೊರಟರೆ ಸುದ್ದಿ ಅವರಿಗೆ ತಲುಪಲ್ಲ. ಪ್ರಯಾಣ ಮಾಡುವವರ ನಂಬರನ್ನೇ ಹಾಕಿ.

ಕುಂಬಳೆ ಕಡಲು:

ಸರಿ, 16586 ಮತ್ತು ಹೌರಾ ಎರಡನ್ನೂ ಜೋಡಿಸಿ ತೆಗೆಯುತ್ತೇವೆ, ಮಳೆ ಕಳೆದು ನವೆಂಬರ್‌ನಲ್ಲಿ. ಎರಡೂ ಟಿಕೆಟ್‌ನಲ್ಲಿ ಹೆಸರು ಆಧಾರ್‌ನಲ್ಲಿ ಇದ್ದ ಹಾಗೆಯೇ ಹಾಕುತ್ತೇವೆ. ಇಬ್ಬರಿಗೂ ಕೆಳಗಿನ ಬರ್ತ್ ಬೇಕಿತ್ತು, ಅದಕ್ಕೆ ಬೇರೆ ಏನಾದರೂ ಮಾಡಬೇಕಾ?

ಪಡೀಲ್ ಕ್ಯಾಬಿನ್:

ಹಿರಿಯ ನಾಗರಿಕರ ಕೋಟಾದಲ್ಲೇ ತೆಗೆಯಿರಿ. ಗಂಡಸರಿಗೆ 60, ಹೆಂಗಸರಿಗೆ 45 ವರ್ಷದಿಂದ ಕೆಳಗಿನ ಬರ್ತ್ ಕೋಟಾ ಸಿಗುತ್ತದೆ. ಆದರೆ ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು. ಜೊತೆಗೆ ಹೋಗುವ ಮೂರನೆಯವರನ್ನು ಅದೇ ಟಿಕೆಟ್‌ಗೆ ಸೇರಿಸಿದರೆ ಆ ಕೋಟಾ ಬಿಟ್ಟುಹೋಗುತ್ತದೆ. ಮೂರನೆಯವರಿದ್ದರೆ ಅವರಿಗೆ ಬೇರೆಯೇ ಟಿಕೆಟ್ ತೆಗೆಯಿರಿ.